ಎಲ್ಲದಕ್ಕೂ ‘ಇಲ್ಲ’ ಎಂದು ಬರೆದ ಡೈರಿ

ರಾಜೇಶನ ಅಪ್ಪನವರಿಗೆ,

ಹೆಸರು ಹಿಡಿದು ನಿಮ್ಮನ್ನು ಎಂದೂ ಕರೆದವಳಲ್ಲ, ಈಗಲೂ ಕರೆಯುವುದಿಲ್ಲ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಮಣಿನಗರದ ಹೋಟೆಲನ್ನು ರಾಜೇಶ ನೋಡಿಕೊಳ್ಳುತ್ತಿದ್ದಾನೆ. ನನಗೆ ದಣಿವು. ಕೆಲಸದ ದಣಿವಲ್ಲ, ಒಂದು ವಿಷಯವನ್ನು ಹೊತ್ತು ತಿರುಗಿದ ದಣಿವು. ಅದನ್ನು ಹೇಳಲು ನಿಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ?

ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದ ದಿನ ನೆನಪಿದೆಯೇ? ಹಳೆಯ ಔಷಧಕ್ಕೆ ನಿಮ್ಮ ಕ್ಯಾನ್ಸರ್ ಬಗ್ಗುವುದು ನಿಂತಿತ್ತು. ಒಪ್ಪಿಗೆಯ ಕಾಗದ ಗುಜರಾತಿಯಲ್ಲಿತ್ತು, ಹಿಂದಿಯಲ್ಲಿತ್ತು, ಕನ್ನಡದಲ್ಲಿರಲಿಲ್ಲ. ಹಿಂದಿಯದನ್ನು ನಾನೇ ಸಾಲು ಸಾಲಾಗಿ ಓದಿ ಹೇಳಿದೆ. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಎಂಬ ಸಾಲು ಬಂದಾಗ ನೀವು ನಕ್ಕಿರಿ. “ನಾವು ಬಿಡುವುದೆಂತ ಮಾರಾಯ್ತಿ, ಅವರು ನಮ್ಮನ್ನು ಬಿಡದಿದ್ದರೆ ಸಾಕು.”

ನರ್ಸ್ ಹೇತಲ್ ಒಂದು ಡೈರಿ ಕೊಟ್ಟಳು. ವಾಂತಿ, ಅಂಗೈ ಉರಿ, ಬಾಯಿರುಚಿ, ಒಂದೊಂದನ್ನೂ ದಿನಾ ಸಂಜೆ ಬರೆಯಬೇಕು, ಸಣ್ಣದನ್ನೂ ಬಿಡಬೇಡಿ ಎಂದಳು, ಗುಜರಾತಿಯಲ್ಲಿ ಅಮ್ಮ ಎನ್ನುವ ಹಾಗೆ ನನ್ನನ್ನು ‘ಬಾ’ ಎಂದು ಕರೆದು. ನಾನು ಹತ್ತನೆಯ ಕ್ಲಾಸು ಪಾಸಾದವಳು, ಅಕ್ಷರ ದುಂಡಗೆ, ಹಾಗಾಗಿ ಬರೆಯುವ ಕೆಲಸ ನನ್ನದು. ಆದರೆ ನಮ್ಮ ಅಡುಗೆಮನೆಯ ಕಾನೂನು ಏನಿತ್ತು? ಕೆಮ್ಮಿದವನು, ಕೈಗೆ ಗಾಯವಾದವನು ಅವತ್ತೇ ಹೊರಗೆ. ನಾಲ್ಕು ದಿನ ಬಿಟ್ಟು ಬಂದರೆ ಅವನ ಕಾವಲಿಯ ಮುಂದೆ ಬೇರೆಯವನು ದೋಸೆ ಹೊಯ್ಯುತ್ತಿರುತ್ತಿದ್ದ. ಆ ಕಾನೂನು ಮಾಡಿದವರು ನೀವು, ದಯೆ ಇಲ್ಲದೆ ನಡೆಸಿದವಳು ನಾನು. ಆಸ್ಪತ್ರೆಯಲ್ಲೂ ಅದೇ ಕಾನೂನು ಎಂದುಕೊಂಡೆವು. ನೋವು ಎಂದರೆ ಹೆಸರು ಹೊಡೆದು ಹಾಕುತ್ತಾರೆ ಎಂದು ಇಬ್ಬರೂ ನಂಬಿದೆವು.

ಆರನೆಯ ವಾರದ ಒಂದು ಬೆಳಿಗ್ಗೆ ಸಾಂಬಾರಿನಲ್ಲಿ ಉಪ್ಪು ಕಹಿಯಾಗುವಷ್ಟಿತ್ತು. ಸೌಟಿನಿಂದ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿ, ನೀವು ‘ಹೋಗಲಿ’ ಎನ್ನದೆ ಆ ಪಾತ್ರೆ ಎಂದಾದರೂ ಹೊರಗೆ ಹೋಗಿತ್ತೇ? ಅವತ್ತೂ ನೀವು ಹೇಳಿಯೇ ಹೋದದ್ದು. ಮರುದಿನದಿಂದ ನಿಮಗಿಂತ ಮೊದಲೇ ನಾನು ಒಳಗೆ ಹೋಗಿ ಉಪ್ಪು, ಹುಳಿ ಸರಿ ಮಾಡಿಟ್ಟೆ. ಔಷಧದಿಂದ ಸುಟ್ಟಂತೆ ಸುಲಿದಿದ್ದ ಅಂಗೈಗೆ ಬಿಸಿ ಸಾಂಬಾರು ಹಾಕಿಕೊಂಡು, ಹುಬ್ಬು ಕೂಡ ಅಲುಗಿಸದೆ ನೀವು ‘ಹೋಗಲಿ’ ಎನ್ನುತ್ತಿದ್ದಿರಿ. ಸಂಜೆ ಡೈರಿ ಬಿಡಿಸಿದರೆ, “ತೊಂದರೆ ಇಲ್ಲ ಅಂತ ಬರೆ.” ಬರೆದೆ. ನಿಮ್ಮ ನಾಲಿಗೆ ಸತ್ತಿದ್ದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ನಿಮಗೆ ಗೊತ್ತಿತ್ತೇ?

ನಾನು ಕೇಳಲೇ ಇಲ್ಲ. ನೀವು ಊಟ ಬಿಟ್ಟಿರಿ, ಸೊರಗಿದಿರಿ. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿತ್ತು, ನಿಮ್ಮ ಪಾಲಿಗೆ ಪ್ರಯೋಗ ಮುಗಿಯಿತು. ಡೈರಿಯಿಂದ ನೀವು ಹೋದಿರಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಐದು ತಿಂಗಳು ನೀವು ಹಾಗೆ ಬದುಕಬೇಕಿತ್ತೇ?

ಮೂರು ತಿಂಗಳ ಹಿಂದೆ ಸೂರತ್‌ನಿಂದ ವಸಂತಿ ಬಂದಿದ್ದಳು, ನಿಮ್ಮ ಹೋಟೆಲಿನಲ್ಲೇ ಕೆಲಸ ಕಲಿತು ಅಲ್ಲಿ ಹೋಟೆಲಿಟ್ಟ ಶೇಖರನ ಹೆಂಡತಿ. ಅವನಿಗೂ ಅದೇ ಕಾಯಿಲೆ, ಇದೇ ಆಸ್ಪತ್ರೆ, ಅದೇ ಮಾತ್ರೆಯ ಪ್ರಯೋಗ. “ಅಕ್ಕ, ಭಾವನಿಗೆ ಎಂತಾದರೂ ತೊಂದರೆ ಆಗಿತ್ತಾ? ನೀವು ಹೇಳಿದ ಹಾಗೆ ನಾವು ಮಾಡುವುದು” ಎಂದಳು. ನಾನು, “ಎಂತದೂ ಇಲ್ಲ” ಎಂದೆ. ಅಷ್ಟು ಸಲೀಸಾಗಿ ಬಂತು. ಅವಳು ನಿರಾಳವಾಗಿ ಕಾಫಿ ಕುಡಿದು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಅವನು ಸಹಿ ಹಾಕಿದ ಸುದ್ದಿಯೂ ಬಂತು.

ಮೂರು ದಿನ ತಡೆದೆ. ನಾಲ್ಕನೆಯ ದಿನ ರಾಜೇಶನಿಗೂ ಹೇಳದೆ ರಿಕ್ಷಾ ಹಿಡಿದು ಹೇತಲ್‌ ಮುಂದೆ ಹೋಗಿ ಕುಳಿತೆ. ಯಾರ ಮುಂದೆಯೂ ತಲೆ ತಗ್ಗಿಸದವಳು, ಮಗಳ ವಯಸ್ಸಿನವಳ ಮುಂದೆ ನೆಲ ನೋಡುತ್ತ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು, “ಹೊರಗೆ ಹಾಕುತ್ತಿರಲಿಲ್ಲ ಬಾ. ಒಂದು ವಾರ ಮಾತ್ರೆ ನಿಲ್ಲಿಸಿ, ಆಮೇಲೆ ಕಡಿಮೆ ಮಾಡಿ ಕೊಡುತ್ತಿದ್ದೆವು” ಎಂದಳು.

ಒಂದು ವಾರ. ಕೇಳಿದ್ದರೆ ಸಿಗುತ್ತಿತ್ತು.

ಹಳೆಯ ಡೈರಿಯನ್ನು ತಿದ್ದುವಂತಿಲ್ಲವಂತೆ. ನನ್ನ ದುಂಡಗಿನ ‘ಇಲ್ಲ’ಗಳೆಲ್ಲ ಹಾಗೆಯೇ ಉಳಿಯುತ್ತವೆ. ಬೇರೆ ಹಾಳೆಯಲ್ಲಿ ನಿಜ ಬರೆದು ಸಹಿ ಹಾಕಿದೆ, ಅದನ್ನೂ ಜೊತೆಗಿಡುತ್ತಾರಂತೆ. ಹೊರಗೆ ಬಂದವಳೇ ವಸಂತಿಗೆ ಫೋನು ಮಾಡಿದೆ. ನಾನು ಸುಳ್ಳು ಹೇಳಿದೆ, ಇವರಿಗೆ ಹೀಗೆ ಹೀಗೆ ಆಗಿತ್ತು, ನೀನು ಎಲ್ಲವನ್ನೂ ಬರೆ ಎಂದೆ. ಅವಳು “ಆಯಿತು” ಎಂದಷ್ಟೇ ಹೇಳಿ ಫೋನು ಇಟ್ಟಳು. ಆಮೇಲೆ ಫೋನು ಬರಲಿಲ್ಲ. ಬರದಿದ್ದರೂ ನ್ಯಾಯವೇ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಬಂತು. ಶೇಖರನಿಗೂ ಬಾಯಿರುಚಿ ಹೋಗಿತ್ತಂತೆ, ಅಂಗೈ ಸುಲಿಯತೊಡಗಿತ್ತಂತೆ. ಡೈರಿಯಲ್ಲಿ ಬರೆದರು, ಫೋನು ಮಾಡಿಯೂ ತಿಳಿಸಿದರು. ಡಾಕ್ಟರು ಒಂದು ವಾರ ಮಾತ್ರೆ ನಿಲ್ಲಿಸಿದರು. ನಾಳೆಯಿಂದ ಕಡಿಮೆ ಮಾಡಿ ಮತ್ತೆ ಶುರು, ಹೆಸರು ಹೊಡೆದಿಲ್ಲ. ಮುಂದೇನಾಗುತ್ತದೋ ಯಾರಿಗೆ ಗೊತ್ತು. ಆದರೆ ನಿನ್ನೆ ಊಟಕ್ಕೆ ಕುಳಿತವನು ಒಂದು ತುತ್ತು ಬಾಯಿಗಿಟ್ಟು, ತಟ್ಟೆ ದೂಡಿ, ಸಾರಿಗೆ ಉಪ್ಪೇ ಇಲ್ಲ ಎಂದು ಹೆಂಡತಿಯನ್ನು ಬೈದನಂತೆ. ಉಪ್ಪು ಹಾಕುವುದನ್ನು ನಿಜವಾಗಿಯೂ ಮರೆತಿದ್ದೆ ಎಂದು ವಸಂತಿ ನಗುತ್ತ, ಅಳುತ್ತ ಹೇಳಿದಳು.

ನಿಮಗೆ ಹೇಳಬೇಕೆನಿಸಿತು.