ಒಂದು ಬಾಜು, ಒಂದು ಮಡಿ

ದೋರನಹಳ್ಳಿ
9 ಡಿಸೆಂಬರ್ 2012

ಪ್ರೀತಿಯ ಖಾಜಾ ಕಾಕಾ,

ಸುರಪುರದ ನಿಮ್ಮ ಮೈಕ್‌ಸೆಟ್ ಅಂಗಡಿಗೆ ಎರಡು ಸಲ ಫೋನ್ ಹಚ್ಚಿ, ನೀವು ‘ಹಲೋ’ ಎನ್ನುತ್ತಲೇ ಇಟ್ಟವಳು ನಾನೇ. ಎದುರಿಗೆ ಆಡಲಾಗದ ಮಾತು ನನಗೆ ಫೋನಿನಲ್ಲೂ ಬರುವುದಿಲ್ಲ. ಅದಕ್ಕೇ ಈ ಪತ್ರ.

ಇಲ್ಲಿ ಎಲ್ಲರೂ ಆರಾಮ. ಅಪ್ಪ ಈಗಲೂ ಕಾಲುವೆ ಗೇಟಿನ ಕೆಲಸಕ್ಕೆ ಸೈಕಲ್ ಮೇಲೆ ಹೋಗಿ ಬರುತ್ತಾನೆ. ನಾಲ್ಕು ತಿಂಗಳಿಂದ ಅವನ ಬಾಯಲ್ಲಿ ನಿಮ್ಮ ಹೆಸರು ಮಾತ್ರ ಕೇಳಿಲ್ಲ. ಮೊನ್ನೆ ತಿಮ್ಮಣ್ಣ ಕಾಕಾ ಬಂದು ನಮ್ಮ ಕಟ್ಟೆಯ ಮೇಲೆ ಕೂತು, “ನೀವಿಬ್ಬರು ಮಾತು ಬಿಟ್ಟೀರಿ, ನನ್ನ ಡ್ರಮ್ಮಿನ್ಯಾಗ ಇಲಿ ಮರಿ ಹಾಕ್ಯಾದ. ಇನ್ನ ಬಾರಿಸಿದ್ರ ಬಾಣಂತಿ ಶಾಪ ತಟ್ಟತದ” ಎಂದರು. ಅವ್ವ ನಕ್ಕಳು. ಅಪ್ಪ ನಗಲಿಲ್ಲ.

ಎಡದಂಡೆ ಕಾಲುವೆ ತೋಡುವಾಗ ಭೀಮರಾಯನಗುಡಿ ಕ್ಯಾಂಪಿನಲ್ಲಿ ಕೂಡಿದವರು ನೀವು ಮೂವರು. ಹಾಡು ಅಪ್ಪನದು, ಗಿಟಾರು ನಿಮ್ಮದು. ಬ್ಯಾಂಡಿಗೂ ‘ಎಡದಂಡೆ’ ಎಂದೇ ಹೆಸರಿಟ್ಟಿರಿ. ರಾಕ್ ಎಂದರೇನೆಂದು ಗೊತ್ತಿಲ್ಲದ ಜನ ಅದನ್ನು ‘ಕರೆಂಟ್ ಮ್ಯಾಳ’ ಎಂದು ಕರೆದರು. ಎರಡು ಕ್ಯಾಸೆಟ್ ಬಂದವು, ಆಮೇಲೆ ಹದಿನೈದು ವರ್ಷ ಏನೂ ಇಲ್ಲ. ಈ ವರ್ಷ ಅಪ್ಪನಿಗೆ ಎಂಟು ಹಾಡಿನ ಇಡೀ ಆಲ್ಬಂ ಮಾಡುವ ಮನಸ್ಸಾಯಿತು. ಶಹಾಪುರ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತ ನೀವು ಹೇಳಿದ್ದು ಹೀಗಂತೆ: “ಹುಲಗಪ್ಪ, ಎಂಟು ಹಾಡು ಕುಂತು ಕೇಳೋರು ಈಗ ಯಾರದಾರ? ಒಂದ ಮಾಡೋಣು, ಮೊಬೈಲಿನ್ಯಾಗ ಹಾಕ್ಕೋತಾರ. ಇಡೀ ಆಲ್ಬಂಗ ಈಗ ಪ್ರಸ್ತುತತೆ ಇಲ್ಲ.”

“ಒಂದು ಹಾಡಿಗಿ ಮೂರು ಮುದುಕರು ರೆಕಾರ್ಡಿಂಗಿಗಂತ ಗುಲ್ಬರ್ಗಾತನ ಹೋಗಬೇಕೇನು?” ಎಂದು ಅಪ್ಪ ಅರ್ಧ ಚಹಾ ಬಿಟ್ಟು ಎದ್ದು ಬಂದ.

ಕಾಕಾ, ಒಂದೇ ಹಾಡು ಸಾಕೆಂಬ ಆ ಮಾತು ನಿಮ್ಮದಲ್ಲ. ನನ್ನದು. ಅದಕ್ಕೂ ಒಂದು ವಾರ ಮೊದಲು ನೀವು ಮನೆಗೆ ಬಂದಾಗ ಅಪ್ಪ ಗೇಟಿಗೆ ಹೋಗಿದ್ದ. “ಎಂ.ಎ. ಓದಾಕಿ ನೀನು. ನೀನ ಹೇಳವಾ, ಎಂಟು ಬೇಕೋ, ಒಂದು ಸಾಕೋ?” ಎಂದಿರಿ. ಕಾಲ ಬದಲಾಗಿದೆ, ಜನರ ತಾಳ್ಮೆ ಸಣ್ಣದಾಗಿದೆ ಎಂದೆಲ್ಲ ನಾನು ಪರೀಕ್ಷೆಯ ಉತ್ತರದ ಹಾಗೆ ಹೇಳಿದೆ. ನಿಜವಾದ ಕಾರಣ ಹೇಳಲಿಲ್ಲ. ಅಪ್ಪ ಹಿತ್ತಲಲ್ಲಿ ಹಾಡಿಕೊಳ್ಳುವುದನ್ನು ನಾನು ಕೇಳಿದ್ದೆ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಅವನ ಉಸಿರು ತೀರುತ್ತದೆ. ಆಚೀಚೆ ನೋಡಿ, ಯಾರೂ ಕೇಳಿಲ್ಲವೆಂದು ತಿಳಿದು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಗುಲ್ಬರ್ಗಾದ ರೆಕಾರ್ಡಿಂಗ್ ಕೋಣೆಯಲ್ಲಿ, ಗಾಜಿನ ಆಚೆ ಕೂತ ಹುಡುಗರ ಎದುರು ಅವನು ಹಾಗೆ ನಿಲ್ಲುವುದನ್ನು ನೆನೆಯಲು ನನ್ನಿಂದ ಆಗಲಿಲ್ಲ. ಒಂದು ಹಾಡಾದರೆ ಹೇಗೋ ದಾಟುತ್ತಾನೆ ಎಂದುಕೊಂಡೆ. ಅದನ್ನು ಹೇಳಲು ಬಾರದೆ ‘ಪ್ರಸ್ತುತತೆ’ ಎಂದೆ. ನೀವು ನನ್ನ ಮಾತನ್ನು ನಿಮ್ಮ ಮಾತು ಮಾಡಿಕೊಂಡು ಅಪ್ಪನ ಸಿಟ್ಟನ್ನೂ ನೀವೇ ಹೊತ್ತಿರಿ. ನಾನು ಸುಮ್ಮನೆ ರೊಟ್ಟಿ ಬಡಿಯುತ್ತ ಕೂತೆ.

ಈ ಗುರುವಾರ ಬೆಳಿಗ್ಗೆ ನಮ್ಮ ನೀರಿನ ಪಾಳಿ ಇತ್ತು. ಅವ್ವ ಯಾದಗಿರಿಗೆ ಹೋಗಿದ್ದರಿಂದ ಅಪ್ಪನ ಜೊತೆ ನಾನು ಹೊಲಕ್ಕೆ ಹೋದೆ. ಅಪ್ಪ ಹಳೆಯ ಟೇಪ್‌ರೆಕಾರ್ಡರನ್ನು ಬೇವಿನ ಗಿಡಕ್ಕೆ ತೂಗುಹಾಕಿ, ನಿಮ್ಮ ಮೊದಲ ಕ್ಯಾಸೆಟ್ ಹಚ್ಚಿ, ಶೇಂಗಾದ ಮಡಿಗೆ ನೀರು ಬಿಟ್ಟ. ನಾಲ್ಕನೆಯ ಹಾಡು ಮುಗಿದು ಟೇಪು ಟಕ್ಕನೆ ನಿಂತಾಗ, ನೀರಿನ ಕಡೆ ನೋಡದೆಯೇ ಸಲಿಕೆ ಎತ್ತಿ ಆ ಮಡಿಯ ಬಾಯಿ ಮುಚ್ಚಿದ, ಮುಂದಿನದನ್ನು ತೆರೆದ. ನಾನು ಓಡಿ ಹೋಗಿ ನೋಡಿದೆ. ನೀರು ಸರಿಯಾಗಿ ಆಚೆಯ ಬದುವಿಗೆ ಬಂದು ನಿಂತಿತ್ತು. ಅಪ್ಪ ಕ್ಯಾಸೆಟ್ ಮಗುಚಿ ಎರಡನೆಯ ಬಾಜು ಹಾಕಿದ.

ಪಕ್ಕದ ಹೊಲದ ಬಾಲಮ್ಮ ನನ್ನನ್ನು ನೋಡಿ ನಕ್ಕಳು. “ಈಗ ಕಂಡ್ಯೇನು? ನಮ್ಮಲ್ಲೂ ಹಂಗ ನೋಡವಾ. ನಿಮ್ಮಪ್ಪಂದು ಒಂದು ಬಾಜು ಮುಗೀತಂದ್ರ ಒಂದು ಮಡಿ ತುಂಬಿತು. ನನ್ನ ಮಗ ಮೊಬೈಲಿನ್ಯಾಗ ಯಾವುದೋ ಒಂದು ಹಾಡು ಹಾಕಿ ಕೊಟ್ಟಾನ. ನಾ ಬದುವಿನ ಮ್ಯಾಲ ಕುಂದ್ರೋದರಾಗ ಮುಗದ ಹೋಗ್ತದ.”

ಇಷ್ಟು ಹೇಳಿ, ಮೂರನೆಯ ಹಾಡಿನ ನಡುವೆ ಬರುವ ನಿಮ್ಮ ಗಿಟಾರನ್ನು ಬಾಯಲ್ಲೇ ನುಡಿಸಿ ತೋರಿಸಿದಳು. ಒಂದು ಸ್ವರ ತಪ್ಪಲಿಲ್ಲ. ಆ ಹಾಡು ಮುಗಿಯುವ ಮೊದಲೇ ಮುಂದಿನದರ ಮೊದಲ ಸಾಲು ಅವಳ ತುಟಿಗೆ ಬಂದಿತ್ತು. ಕುಂತು ಕೇಳುವವರು ಇಲ್ಲದಿರಬಹುದು ಕಾಕಾ, ಸಲಿಕೆ ಹಿಡಿದು ನಿಂತು ಕೇಳುವವರು ಇದ್ದಾರೆ. ಅವರಿಗೆ ಒಂದು ಹಾಡು ಸಾಲದು. ಹೆಗಲ ಮೇಲೆ ಇಷ್ಟು ಪುಸ್ತಕ ಹೊತ್ತ ನಾನು ಆ ದಿನದವರೆಗೆ ನಿಮ್ಮ ಕ್ಯಾಸೆಟ್ಟನ್ನು ಕೊನೆಯವರೆಗೆ ಕೇಳಿರಲಿಲ್ಲ.

ಆದ್ದರಿಂದ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅಪ್ಪ ಹೇಳಿದಂತೆ <s>ಎಂಟು</s> ಆರು ಹಾಡು ಮಾಡಿರಿ. ಬರುವ ಭಾನುವಾರ ಗಿಟಾರು ತೆಗೆದುಕೊಂಡು ಬನ್ನಿ. ಬಾಗಿಲು ತೆರೆಯುವವಳು ನಾನೇ ಆಗಿರುತ್ತೇನೆ, ಒಳಗೆ ಹೋಗಿ ಅಡಗುವುದಿಲ್ಲ.

ನಿಮ್ಮ ಸಿಟ್ಟಿಗೆ ತಲೆಬಾಗಿ,
ಮಾನಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಧೈರ್ಯ ಮಾಡಿ ಇದನ್ನು ಅಪ್ಪನ ಕೈಗೆ ಕೊಟ್ಟೆ. ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಎರಡು ಸಲ ಓದಿದ. “ನನಗ ಆವತ್ತ ಗೊತ್ತಾಗಿತ್ತು. ಖಾಜಾನ ಬಾಯಾಗ ‘ಪ್ರಸ್ತುತತೆ’ ಹುಟ್ಟತದೇನು?” ಎಂದ. ಹಾಗಾದರೆ ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ಕೇಳಿದೆ. “ಅಂವ ನಿನ್ನ ಹೆಸರು ಮುಚ್ಚಿ ಇಟ್ಟಾನ, ನಾ ಹೋಗಿ ಹ್ಯಾಂಗ ಬಿಚ್ಚಲಿ? ನೀನ ಹೇಳ್ತಿ ಅಂತ ಕಾಯಾಕತ್ತಿದ್ದೆ.” ಆಮೇಲೆ ನನ್ನ ಪೆನ್ನು ಇಸಿದುಕೊಂಡು, ಮೇಲೆ ‘ಎಂಟು’ ಎಂದಿದ್ದುದನ್ನು ಹೊಡೆದು ‘ಆರು’ ಮಾಡಿದ. ಆರು ಎಂದರೆ ಒಂದು ಬಾಜಿಗೆ ಮೂರೇ ಹಾಡು, ಮಡಿ ತುಂಬುವುದಿಲ್ಲವಲ್ಲ ಎಂದೆ. “ತುಂಬತದ. ನಡುವ ಗಿಟಾರು ಉದ್ದ ಬಾರಸು ಅಂತ ಖಾಜಾಗ ಬರಿ. ಅಷ್ಟರಾಗ ನಾ ಉಸರು ತಗೋತೀನಿ.”