ಕಿಟಕಿಯಲ್ಲಿ ಅರ್ಧ ತಲೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ (ಪ್ರೀತಿಯ ಎಂದು ಕೈ ಅಭ್ಯಾಸಬಲದಿಂದ ಬರೆಯಿತು, ಇರಲಿ ಬಿಡು),

ನನ್ನ ಗುಂಗುರು ವಾಪಸ್ ಬಂತು ಕಣೇ ಅಕ್ಕಾ, ತಲೆ ತುಂಬಾ, ಒಂದೊಂದು ಎಳೆಯೂ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಬಂದಿದೆ, ಖುಷಿಗೆ ಬೆಳಗ್ಗೆಯಿಂದ ಕನ್ನಡಿ ಬಿಟ್ಟು ಅಲ್ಲಾಡಿಲ್ಲ. ನಿನ್ನೆ ಹಳೆಯ ಸುಟ್ಟ ಕೂದಲನ್ನೆಲ್ಲ ಕತ್ತರಿಸಿ ಹಾಕಿದೆ. ಹೌದು, ಬೆನ್ನಿನವರೆಗೆ ಇದ್ದದ್ದನ್ನು, ನೀನು ನನ್ನ ಮದುವೆಯ ದಿನ ಗಾಜಿನಂತೆ ಇಳಿಬಿಟ್ಟು ನಾಲ್ಕು ಜನರಿಗೆ ತೋರಿಸಿದೆಯಲ್ಲ, ಅದನ್ನೇ. ಈಗ ಇರುವುದು ಆರು ತಿಂಗಳಲ್ಲಿ ಬೆಳೆದದ್ದು ಮಾತ್ರ. ಎಳೆದರೆ ಮೂರು ಇಂಚು, ಬಿಟ್ಟರೆ ಒಂದು. ನಮ್ಮ ಯಜಮಾನರು ಅಳೆದು ಹೇಳಿದ್ದು. ಗಡಿಯಾರ ರಿಪೇರಿಯವರಲ್ಲವಾ, ಕಣ್ಣಿಗೆ ಆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಒಂದು ಎಳೆ ಹಿಡಿದು ಎಳೆದು ಬಿಟ್ಟರು. ಅದು ಟಣ್ಣನೆ ಒಳಗೆ ಹೋಯಿತು. "ಅಂಗಡೀಲಿ ಇಷ್ಟು ಒಳ್ಳೆ ಸ್ಪ್ರಿಂಗ್ ಸಿಗಲ್ಲ ಮಾರಾಯ್ತಿ, ಇಷ್ಟು ದಿನ ಎಲ್ಲಿಟ್ಟಿದ್ದೆ?" ಎಂದರು.

ಎಲ್ಲಿಟ್ಟಿದ್ದೆ ಎಂದು ನಿನಗೆ ಗೊತ್ತು. ಅದಕ್ಕೇ ಈ ಪತ್ರ. ಫೋನ್ ಮಾಡಿದರೆ ನೀನು ಪಾರ್ಲರಿನ ಡ್ರೈಯರ್ ಹಾಕಿ, "ಕೇಳಿಸ್ತಾ ಇಲ್ಲ, ಆಮೇಲೆ ಮಾಡು" ಎನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸಲು ಡ್ರೈಯರ್ ಸಾಲದು.

ಮೊದಲು ನನ್ನ ಹೊಸ ಪಾಠ ಕೇಳು. ನೀನು ಕಲಿಸಿದ್ದೆಲ್ಲ ಇಲ್ಲಿ ತಲೆಕೆಳಗಾಗಿದೆ. ಒಣಗಿದ ತಲೆಗೆ ಬಾಚಣಿಗೆ ಮುಟ್ಟಿಸುವುದಿಲ್ಲ. ಒದ್ದೆ ಇರುವಾಗಲೇ ಎಣ್ಣೆ ಹಚ್ಚಿದ ಬೆರಳುಗಳಿಂದ, ತುದಿಯಿಂದ ಶುರು ಮಾಡಿ ಬುಡದ ಕಡೆ ಬಿಡಿಸುತ್ತಾ ಹೋಗುತ್ತೇನೆ. ಟವೆಲಿನಿಂದ ಉಜ್ಜುವುದಿಲ್ಲ, ಇವರ ಹಳೆಯ ಬನಿಯನ್ ಸುತ್ತಿ ನೀರು ಹೀರಿಸುತ್ತೇನೆ. ಅಗಸೆ ಬೀಜ ಕುದಿಸಿ ಸೋಸಿದ ಲೋಳೆ ಹಚ್ಚುತ್ತೇನೆ. ಮೊದಲ ದಿನ ಇವರು ಅದನ್ನು ಗಂಜಿ ಎಂದುಕೊಂಡು ಅರ್ಧ ಲೋಟ ಕುಡಿದು, "ಉಪ್ಪು ಮರೆತಿದ್ದೀಯ" ಎಂದರು. ಇನ್ನು ದಿಂಬಿನ ಚೀಲ, ನನ್ನ ಮದುವೆಯ ಸ್ಯಾಟಿನ್ ಬಟ್ಟೆ ಬಿಚ್ಚಿ ಹೊಲಿದದ್ದು. ಹತ್ತಿಯ ದಿಂಬು ಕೂದಲನ್ನು ತಿಕ್ಕಿ ಮುರಿಯುತ್ತದಂತೆ. ಆ ಬಟ್ಟೆ ನೀನು ಆರಿಸಿದ್ದಲ್ಲವಾ, ಕೊನೆಗೂ ನನ್ನ ತಲೆಗೆ ಒಂದು ಉಪಕಾರ ಮಾಡಿತು.

ಇದನ್ನೆಲ್ಲ ಓದಿ ನಿನ್ನ ತುಟಿ ಎಡಕ್ಕೆ ಸೊಟ್ಟಗಾಗಿರುತ್ತದೆ. "ನಾಲ್ಕು ಅಕ್ಷರ ಇಂಗ್ಲಿಷ್ ಕಲಿತು ನಂಗೇ ಕೂದಲ ಪಾಠ ಹೇಳಕ್ಕೆ ಬಂದ್ಲು" ಎನ್ನುತ್ತೀಯ. ಅನ್ನು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು, ಅದನ್ನು ನಾನು ಮರೆತಿಲ್ಲ. ನೀನು ಮರೆಯಲು ಬಿಟ್ಟರೆ ತಾನೆ.

ಆದರೆ ಆ ಕುರ್ಚಿಯನ್ನೂ ಮರೆತಿಲ್ಲ. ನಿನ್ನ ಪಾರ್ಲರಿನ ಗಾಜಿನ ಕಿಟಕಿ, ಒಳಗೆ ಕೆಂಪು ಎತ್ತರದ ಕುರ್ಚಿ, ತಿಂಗಳ ಮೊದಲ ಭಾನುವಾರ, ಹತ್ತರಿಂದ ಒಂದು ಗಂಟೆ. ನನಗಾಗ ಒಂಬತ್ತು ವರ್ಷ. ಎಡಗಡೆ ಕೂದಲು ಹುಟ್ಟಿದ ಹಾಗೆ, ಬಲಗಡೆ ನೀನು ಬಿಸಿ ಇಕ್ಕಳದಲ್ಲಿ ಎಳೆದ ಹಾಗೆ. ಕೊರಳಿಗೆ ಎರಡು ಚೀಟಿ, ಒಂದು ಕಡೆ "ಮೊದಲು", ಇನ್ನೊಂದು ಕಡೆ "ಆಮೇಲೆ". ಬೀದಿಯ ಜನ ಗಾಜಿಗೆ ಮೂಗೊತ್ತಿ ನೋಡಿ, ಎಡಗಡೆಗೆ ನಕ್ಕು, ಬಲಗಡೆಯನ್ನು ಕೇಳಿಕೊಂಡು ಒಳಗೆ ಬರುತ್ತಿದ್ದರು. ಸೋಮವಾರ ಶಾಲೆಯಲ್ಲಿ ನನ್ನ ಹೆಸರು ಅರ್ಧತಲೆ. ಒಮ್ಮೆ ಅಳುತ್ತಾ ಬಂದಾಗ ನೀನು, "ಗುಂಗುರು ಬೇಡ, ನೆಟ್ಟಗೆ ಮಾಡು ಅಂತ ನೀನೇ ತಾನೆ ಕೇಳಿದ್ದು?" ಎಂದೆ. ಕೇಳಿದ್ದೆ. ಪೂರ್ತಿ ತಲೆಗೆ ಕೇಳಿದ್ದೆ ಅಕ್ಕಾ, ಅರ್ಧಕ್ಕಲ್ಲ.

ಹದಿನೈದು ವರ್ಷ ಹೀಗೇ ಕೂತೆ. ಕೆಲವು ವರ್ಷದ ಮೇಲೆ, ಎಡಗಡೆಯನ್ನು ಮಾತ್ರ ಏಕೆ ಬಿಡಬೇಕು ಎಂದು, ಭಾನುವಾರದ ಆಟ ಮುಗಿದ ಮೇಲೆ ನೀನು ಅದನ್ನೂ ಎಳೆಯುತ್ತಿದ್ದೆ. ಕೊನೆಗೆ ನನ್ನ ಕೂದಲು ಸುತ್ತುವುದನ್ನೇ ಮರೆತಿತು. ಆಗ ನೀನು ಮಾಡಿದ್ದೇನು ಹೇಳು? ಶನಿವಾರ ನನ್ನ ಎಡಗಡೆಗೆ ರೋಲರ್ ಸುತ್ತಿ ಗುಂಗುರು ಬರಿಸಿ, ಭಾನುವಾರ "ಮೊದಲು" ಎಂಬ ಚೀಟಿ ಹಾಕಿ ಕೂರಿಸಿದೆ. ನನ್ನದೇ ಕೂದಲಿಗೆ ನಕಲಿ. ಈ ಮಾತನ್ನು ಗಿರಾಕಿಗಳ ಮುಂದೆ ನಾನು ಯಾವತ್ತೂ ಆಡಿಲ್ಲ. ಇನ್ನು ಮೇಲೆ ಆಡುವುದಿಲ್ಲ ಎಂದು ನಂಬಿಕೊಂಡಿರಬೇಡ.

ಬಲಗಿವಿಯ ಹಿಂದೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಏನೂ ಬೆಳೆದಿಲ್ಲ. ಇವರ ಭೂತಗನ್ನಡಿಗೆ ಅದೂ ಸಿಕ್ಕಿತು. ಏನಾಯಿತು ಎಂದು ಕೇಳಿದರು. ಚಿಕ್ಕವಳಿದ್ದಾಗ ಬಿದ್ದೆ ಎಂದೆ. ನೋಡು, ಹೊಸ ಗಂಡನ ಹತ್ತಿರ ನನ್ನ ಮೊದಲ ಸುಳ್ಳು, ಅದೂ ನಿನ್ನ ಮಾನ ಕಾಯಲು.

ಇಷ್ಟೇ ಆಗಿದ್ದರೆ ನನ್ನ ಖುಷಿಯಲ್ಲಿ ನಾನಿದ್ದು, ನಿನಗೊಂದು ಫೋಟೋ ಕಳಿಸಿ ಹೊಟ್ಟೆ ಉರಿಸಿ ಸುಮ್ಮನಾಗುತ್ತಿದ್ದೆ. ಆದರೆ ನಿನ್ನೆ ಸಂಜೆ ಬುಗುರಿ ಫೋನ್ ಮಾಡಿದ್ದಳು. ನಿನ್ನ ಮಗಳು ನಿನ್ನ ಫೋನನ್ನೇ ಕದ್ದು, ಬಚ್ಚಲಿನಿಂದ ಪಿಸುಗುಟ್ಟಿದಳು. "ಚಿಕ್ಕೀ, ಬರೋ ಭಾನುವಾರ ನಾನು ಗಾಜಿನ ಹಿಂದೆ ಕೂರ್ತೀನಿ. ಅಮ್ಮ ಹೊಸ ಫ್ರಾಕ್ ತಂದಿದಾಳೆ, ಹಳದೀದು. ನನ್ ಚೀಟಿ ನಾನೇ ಬರ್ದಿದೀನಿ." ಆಮೇಲೆ, "ಚಿಕ್ಕೀ, ಅದು ತುಂಬಾ ಬಿಸಿ ಇರತ್ತಾ?" ಎಂದು ಕೇಳಿದಳು.

ಅವಳಿಗೆ ಎಂಟು ವರ್ಷ. ನೀನು ಒಂದು ವರ್ಷ ಬೇಗನೇ ಶುರು ಮಾಡುತ್ತಿದ್ದೀಯ.

ಚಾರ್ಜ್ ಇಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಅವಳ ಪ್ರಶ್ನೆಗೆ ಉತ್ತರವನ್ನು ನಿನ್ನ ಎದುರಿಗೇ ಕೊಡುತ್ತೇನೆ. ಆ ಮಗುವಿನ ತಲೆಗೆ ನಿನ್ನ ಇಕ್ಕಳ ತಾಗಿದರೆ, ನಿನ್ನ ಬೀದಿಯಲ್ಲೇ ನಿಂತು, ಬರುವ ಗಿರಾಕಿಯೊಬ್ಬೊಬ್ಬರಿಗೂ ಈ ಕಿವಿಯನ್ನು ಮಡಿಸಿ ತೋರಿಸುತ್ತೇನೆ. ನನ್ನ ಗಂಟಲು ನಿನ್ನದಕ್ಕಿಂತ ದೊಡ್ಡದು, ನಿನಗೇ ಗೊತ್ತು. ನಿನಗೆ ಅಷ್ಟೊಂದು ಆ ಕುರ್ಚಿ ತುಂಬಬೇಕಿದ್ದರೆ, ಭಾನುವಾರ ನಾನೇ ಕೂರುತ್ತೇನೆ. ಎರಡೂ ಕಡೆ ಗುಂಗುರು. ಚೀಟಿಯಲ್ಲಿ ಏನು ಬರೆಯಬೇಕೆಂದು ನೀನೇ ಯೋಚಿಸು.

ಅಗಸೆ ಬೀಜ, ಅಗಲ ಹಲ್ಲಿನ ಬಾಚಣಿಗೆ, ಬುಗುರಿಗೊಂದು ಸ್ಯಾಟಿನ್ ದಿಂಬಿನ ಚೀಲ, ಎಲ್ಲ ಕಟ್ಟಿಟ್ಟಿದ್ದೇನೆ. ಭಾವನನ್ನು ಸ್ಟೇಷನ್ನಿಗೆ ಕಳಿಸಬೇಡ, ದಾರಿ ಗೊತ್ತು. ಶನಿವಾರ ಮಧ್ಯಾಹ್ನ ಮೂರೂಕಾಲರ ಪ್ಯಾಸೆಂಜರಿನಲ್ಲಿ ಬಂದು ಇಳಿಯುತ್ತೇನೆ.

ಇತಿ,
ನಿನ್ನ ತಂಗಿ,
ಈಗ ಇಡೀ ತಲೆಯವಳು

ಮತ್ತೆ: ಲಕೋಟೆ ಅಂಟಿಸಿ, ಬಿಚ್ಚಿ, ಇದನ್ನು ಸೇರಿಸುತ್ತಿದ್ದೇನೆ. ಮದುವೆಗೆ ಹತ್ತು ದಿನ ಮುಂಚೆ, ಎಡಗಡೆಗೆ ರೋಲರ್ ಸುತ್ತುತ್ತಾ ನೀನು, "ನೀನು ಹೋದ್ಮೇಲೆ ಈ ಕುರ್ಚಿಗೆ ಯಾರೇ?" ಎಂದು ಕೇಳಿದೆ. "ಬುಗುರಿ ಇದಾಳಲ್ಲ, ಅವಳದು ನನ್ನದಕ್ಕಿಂತ ಚೆನ್ನಾಗಿ ಸುತ್ತತ್ತೆ" ಎಂದವಳು ನಾನು. ನೀನು ಕೈ ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನೇ ನೋಡಿ, "ಬೇಡ ಕಣೇ, ಇನ್ನೂ ಚಿಕ್ಕದು" ಎಂದೆ. ನನಗೆ ಆ ಕುರ್ಚಿಯಿಂದ ಬೇಗ ಎದ್ದು ಹೋಗಬೇಕಿತ್ತು. ಎರಡನೇ ಸಲವೂ ನಾನು ಬುಗುರಿಯ ಹೆಸರನ್ನೇ ಹೇಳಿದೆ. ಈ ವಿಷಯ ನೀನು ಅವಳಿಗೆ ಹೇಳಬೇಡ. ಶನಿವಾರ ನಾನೇ ಹೇಳುತ್ತೇನೆ.