ಬಾನೆಟ್ಟು ಮುಚ್ಚಿದ ತಪ್ಪಿಗೆ

ಹುಬ್ಬಳ್ಳಿ,
ಫೆಬ್ರುವರಿ 30, 2168

ನಮ್ಮಜ್ಜನ ಅಜ್ಜನವರಾದ ಗ್ಯಾರೇಜು ಮೌನೇಶಪ್ಪ ಕಮ್ಮಾರ ಅವರ ಪಾದಗಳಿಗೆ ಕಾಳಿಕಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರುವರಿಗೆ ಅನ್ಯಾಯವಾಗಿದೆ ಎಂದು ವರ್ಷಗಟ್ಟಲೆ ಕೂಗಾಡಿ ಅದಕ್ಕೆ ದಿನ ಹೆಚ್ಚು ಮಾಡಿಸಿದ್ದೇವೆ. ನನ್ನ ಕೆಲವು ಪದಗಳು ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾದರೆ ಕ್ಷಮಿಸಬೇಕು.

ನಾವೀಗ ಓಡಾಡುವುದು ಸಾಗುಗೂಡಿನಲ್ಲಿ. ಅಂದರೆ ಸ್ಟೇರಿಂಗಿಲ್ಲದ, ಸದ್ದಿಲ್ಲದ ಒಂದು ಬಿಳಿ ಕೋಣೆ. ಒಳಗೆ ಕೂತರೆ ನಾಡಿ ನೋಡಿ, ಮಜ್ಜಿಗೆ ಕೊಟ್ಟು, ಬೇಡವೆಂದರೂ ಶಾಲು ಹೊದಿಸಿ, ಹೋಗಬೇಕಾದಲ್ಲಿ ಇಳಿಸುತ್ತದೆ. ಊರಿನ ಗೂಡುಗಳೆಲ್ಲ ಒಂದೇ ಥರ. ಮೊನ್ನೆ ಬೇರೆಯವರ ಗೂಡು ಹತ್ತಿ, ಬೇರೆಯವರ ಮನೆಗೆ ಹೋಗಿ, ಅವರ ಪಾಯಸ ಉಂಡು ಬಂದೆ. ಅವರಿಗೂ ಗೊತ್ತಾಗಲಿಲ್ಲ. ಇಷ್ಟು ಸುಖದಲ್ಲಿರುವ ನಮಗೆ ಕೊರತೆ ಒಂದೇ: ಎದೆ ಝಲ್ಲೆನ್ನುವುದಿಲ್ಲ.

ನೀವೇ ಕೊಯ್ದು ಕಟ್ಟಿದ ಅಂಬಾಸಿಡರ್ ಇನ್ನೂ ನಮ್ಮ ಹಿತ್ತಲಲ್ಲಿದೆ. ಅದಕ್ಕೆ ಆಯುಧ ಪೂಜೆ ಒಂದು ವರ್ಷವೂ ತಪ್ಪಿಲ್ಲ. ತಪ್ಪಾದದ್ದು ಪೂಜೆಯಲ್ಲಿಯೇ. ಆ ದಿನ ಕಾರಿಗೆ ಏನಾದರೊಂದು ಸೇವೆ ಸಲ್ಲಿಸುವುದು ಮನೆಯ ಪದ್ಧತಿ. ತಲೆಯ ಮೇಲಿನ ಛತ್ತು ಕುಸಿದಿದೆಯೆಂದು ನಮ್ಮಜ್ಜ ಅದನ್ನು ಎತ್ತಿ ಕೂಡಿಸಿದ. ಮೂತಿ ತಗ್ಗಿದೆ, ಹಿಂದಿನ ಟೈರು ಬಾತಿವೆ ಎಂದು ಅಪ್ಪ ನಾಲ್ಕನ್ನೂ ಸಮ ಮಾಡಿದ. ಇನ್ನು ನಾನು. ಇಂಜಿನ್ನು ಬೆತ್ತಲೆ ಕೂತಿದೆಯಲ್ಲ ಎಂದು ನಾಚಿ, ಬಾನೆಟ್ಟು ತಂದೆ. ಅದು ಮುಚ್ಚಲಿಲ್ಲ. ನೀವು ತುರುಕಿದ್ದ ಆ ರಾಕ್ಷಸ ಇಂಜಿನ್ನನ್ನು ಇಳಿಸಿ ಮೂಲೆಗಿಟ್ಟು, ಸಣ್ಣದೊಂದನ್ನು ಕೂರಿಸಿದೆ. ಬಾನೆಟ್ಟು ಮುಚ್ಚಿತು. ಊದುಬತ್ತಿ ಬೆಳಗಿ ಕೈಮುಗಿದೆ.

ಹೋದ ವರ್ಷ ಬಳ್ಳಾರಿಯಿಂದ ಬಂದ ತನ್ವಿ ಅತ್ತಿ ಇಲ್ಲೇ ಉಳಿದಿದ್ದಾಳೆ. ತನ್ವಿ ಎಂಬುದು ನಮ್ಮಲ್ಲಿ ಮುದುಕಿಯರ ಹೆಸರು. ಅಪ್ಪನ ಅಕ್ಕ, ತೊಂಬತ್ತೊಂದು ವರ್ಷ. ಆರು ವರ್ಷದವಳಿದ್ದಾಗ ನಿಮ್ಮ ಮಗನ ತೊಡೆಯ ಮೇಲೆ ಕೂತು ಈ ಕಾರಿನಲ್ಲಿ ಹೋಗಿದ್ದಳಂತೆ. ಸದ್ದು ಅಂಗಾಲಿನಿಂದ ಹತ್ತಿ ಹೊಟ್ಟೆಯಲ್ಲಿ ಕೂತಿತ್ತು ಎನ್ನುತ್ತಾಳೆ; ಹೇಳುವಾಗ ಈಗಲೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. "ಸಾಯೂದ್ರಾಗ ಒಮ್ಮಿ ಕೇಳಬೇಕವ್ವಾ" ಅಂದಳು. ಟ್ಯಾಂಕಿನ ತಳದಲ್ಲಿದ್ದ ಹಳೆ ಪೆಟ್ರೋಲಿನಿಂದ ಚಾಲೂ ಮಾಡಿದೆ. "ಇದು ಹೊಲಿಗಿ ಮಶೀನಲ್ಲೇನ?" ಅಂದವಳು ಎದ್ದು ಒಳಗೆ ಹೋಗಿಬಿಟ್ಟಳು.

ನಮ್ಮಲ್ಲಿ ಪೆಟ್ರೋಲ್ ಕೊಡುವುದು ಹಳೆಬಂಡಿ ಮಂಡಳಿ. ವರ್ಷಕ್ಕೊಮ್ಮೆ, ಹಾಟ್ ರಾಡ್‌ಗಳಿಗೆ ಮಾತ್ರ, ತಲಾ ಒಂದು ತಂಬಿಗೆ. ಈ ಸಲ ಮಂಡಳಿಯಿಂದ ಪರೀಕ್ಷೆಗೆ ಬಂದ ಮುರಗೋಡ ಸಾಹೇಬರು ಕಾರನ್ನು ಮೂರು ಸುತ್ತು ಹಾಕಿ, ಕನ್ಯೆ ನೋಡಲು ಬಂದವರಂತೆ ನಿಟ್ಟುಸಿರಿಟ್ಟರು.

"ಬಣ್ಣಾ ಬಳದು, ದೀಪಾ ಕಟ್ಟಿ, ದೊಡ್ಡ ಹಾರ್ನ್ ಹಾಕಿದ್ರ ಅದು ಮದವಿ ಗಾಡಿ. ಸಾದಾ ಹಳೇ ಕಾರು ತಗೊಂಡು, ಮನಿಯವರೇ ಬಿಚ್ಚಿ, ಬ್ಯಾಡಾದ ಭಾರ ಕಿತ್ತೊಗದು, ಛತ್ತು ಕೊಯ್ದು ಇಳಿಸಿ, ಅದರ ಯೋಗ್ಯತಾಕ್ಕ ಮೀರಿದ ಇಂಜಿನ್ ತುರುಕಿ ಓಡಿಸಿದ್ರ ಅದು ಹಾಟ್ ರಾಡ್. ನಿಮ್ಮದು ಬರೇ ಕಾರ್ ತಂಗಿ. ಅದೂ ಭಾಳ ಮರ್ಯಾದಸ್ಥ ಕಾರು."

ಇಷ್ಟು ಅವಮಾನ ನಮ್ಮ ಮನೆತನಕ್ಕೆ ಎಂದೂ ಆಗಿರಲಿಲ್ಲ.

ಬಾನೆಟ್ಟು ಕಿತ್ತಿದ್ದೇನೆ. ನಿಮ್ಮ ಇಂಜಿನ್ನು ಮತ್ತೆ ಒಳಗೆ ಕೂತಿದೆ. ಮೂತಿ ತಗ್ಗಿಸಿದ್ದಾಯಿತು, ದಪ್ಪ ಟೈರು ಹುಡುಕಿ ಹಾಕಿದ್ದೂ ಆಯಿತು. ಛತ್ತು ಮಾತ್ರ ಉಳಿದಿದೆ. ನಾಡಿದ್ದು ಮರುಪರೀಕ್ಷೆ, ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಅತ್ತಿಯ ವಯಸ್ಸಿಗೆ ಅಷ್ಟು ಪುರುಸೊತ್ತಿಲ್ಲ. ನೀವು ಅದನ್ನು ಎಷ್ಟು ಬೆರಳಿನಷ್ಟು ಕೊಯ್ದು ಇಳಿಸಿದ್ದಿರಿ ಎಂದು ಯಾರಿಗೂ ನೆನಪಿಲ್ಲ. ದಯವಿಟ್ಟು ಆ ಅಳತೆಯನ್ನು ಕಾರಿನ ಬಾಗಿಲಿನ ಒಳಮೈಮೇಲೆ ಗೀಚಿಡಿ, ನಾನಿಲ್ಲಿ ಓದಿಕೊಳ್ಳುತ್ತೇನೆ ಎಂದು ಬೇಡಿಕೊಳ್ಳಲು ಈ ಕಾಗದ ಬರೆಯತೊಡಗಿದ್ದೆ. ಅತ್ತಿ ಬೆನ್ನ ಹಿಂದೆ ನಿಂತು ಅಷ್ಟೂ ಓದಿಬಿಟ್ಟಳು.

"ಅವರು ಯಾರನ್ನ ಕೇಳಿ ಕೊಯ್ದಿದ್ರು? ನನ್ನ ಕುಂಡ್ರಿಸಿ, ತಲಿ ಮ್ಯಾಲೆ ನಾಕ ಬಟ್ಟು ಬಿಟ್ಟು ಕೊಯ್ಯಿ, ಹುಚ್ಚಿ."

ಹೋಗಿ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ, ಗೂನುಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು. ಸೀಮೆಸುಣ್ಣ ನನ್ನ ಕೈಯಲ್ಲಿದೆ. ನಿಮ್ಮ ಅಳತೆ ಇನ್ನು ಬೇಡ, ಅಜ್ಜಾ. ಗೆರೆ ನೆಟ್ಟಗೆ ಬರಲೆಂದು ಹರಸಿ, ಸಾಕು.